ದಂಡಿನಿಂದ ಮನೆಗೆ

ನಮ್ಮ ಕಡೆಯ ಊರುಗಳಲ್ಲಿ ಭಾರತವಾಚನವೆಂದರೆ ಕುಮಾರವ್ಯಾಸನ ಗ್ರಂಥವೇ ಸರಿ. ಗಮಕಿಯು ಗದಾಪರ್ವವನ್ನು ಮುಗಿಸಿ, ಪಟ್ಟಾಭಿಷೇಕದ ಪ್ರಸಂಗವನ್ನು ಓದಿ, ಮಂಗಳಾರತಿಯಾಗಿ ಪಾನಕ ಕೋಸಂಬರಿಗಳನ್ನು ಹಂಚಿದ ಮೇಲೆ ಸಭಿಕರು ಎದ್ದು ಮನೆಗೆ ಹೋಗುವರು. ಮಹಾಕವಿಯು ಹತ್ತು ಪರ್ವಗಳಿಗೇ ತನ್ನ ಕಾವ್ಯವನ್ನು ನಿಲ್ಲಿಸಿದನು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಬರೆದು ಪೂರೈಸಿದನಾದರೂ ಅವನ್ನು ಓದಿಸುವ ಮನೆಗಳು ವಿರಳ. ಪಂಪನ ಕಾವ್ಯವೂ ಪಟ್ಟಾಭಿಷೇಕಕ್ಕೇ ಮುಗಿಯುವುದು. ಇದರ ಫಲವಾಗಿ, ಹದಿನೆಂಟು ದಿನಗಳ ಯುದ್ಧದಲ್ಲಿ ಯಾರ ಬಾಣ ಯಾರಿಗೆ ತಾಕಿತೆಂಬುದನ್ನು ಬಾಯಿಪಾಠವಾಗಿ ಹೇಳಬಲ್ಲವರಿಗೂ ಹತ್ತೊಂಬತ್ತನೆಯ ದಿನದಿಂದ ಆ ಮನೆಯೊಳಗೆ ಏನೇನು ನಡೆಯಿತೆಂಬುದು ಅಷ್ಟಾಗಿ ತಿಳಿಯದು.

ಈ ತಿಂಗಳು ಆ ಹತ್ತೊಂಬತ್ತನೆಯ ದಿನದ ವಿಚಾರವನ್ನೇ ಬರೆಯಬೇಕೆಂದಿರುವೆನು. ಈ ಪತ್ರಿಕೆಯನ್ನು ಓದುವವರಲ್ಲಿ ಸೈನಿಕರ ಮನೆಯವರು ಅನೇಕರುಂಟು. ಕೊಡಗಿನಿಂದಲೂ ಬೆಳಗಾವಿಯ ಕಡೆಯಿಂದಲೂ ನನಗೆ ಬರುವ ಕಾಗದಗಳಲ್ಲಿ ಮಕ್ಕಳ ವಿದ್ಯೆ, ಅತ್ತೆಯವರ ಆರೋಗ್ಯ ಮೊದಲಾದ ವಿಷಯಗಳ ನಡುವೆ ಒಂದು ಸಾಲು ಬಂದು ಹೋಗುವುದು: "ನಮ್ಮ ಮನೆಯವರು ಪೆನ್ಷನ್ ಆಗಿ ಬಂದಿದ್ದಾರೆ, ಆದರೆ ಮೊದಲಿನಂತೆ ಇಲ್ಲ." ಆ ಸಾಲನ್ನು ಬರೆದವರು ಅದಕ್ಕೆ ಉತ್ತರವನ್ನು ಕೇಳಿರುವುದಿಲ್ಲ. ಕೇಳದಿದ್ದರೂ ಹೇಳತಕ್ಕ ಮಾತುಗಳು ಕೆಲವು ಉಂಟು.

ಮೂಲ ಭಾರತದ ಶಾಂತಿಪರ್ವವು ಹೆಸರಿಗೆ ಶಾಂತಿ. ಅದರ ಆರಂಭದಲ್ಲಿ ಇರುವುದೆಲ್ಲ ಮನೆಯ ಜಗಳ. ಗೆದ್ದ ಧರ್ಮರಾಯನು ಗಂಗಾತೀರದಲ್ಲಿ ಕುಳಿತು ದುಃಖಿಸುವನು. ಕರ್ಣನು ತನ್ನ ಅಣ್ಣನೆಂಬ ಸಂಗತಿಯು ಅವನು ಸತ್ತ ಮೇಲೆ ತಿಳಿದುದರಿಂದ, ಆ ದುಃಖವು ತಾಯಿಯ ಮೇಲಣ ಕೋಪವಾಗಿ ತಿರುಗುವುದು. ಕುಂತಿಯು ಗುಟ್ಟನ್ನು ಮುಚ್ಚಿಟ್ಟಳೆಂಬ ಕಾರಣಕ್ಕೆ ಸ್ತ್ರೀಕುಲಕ್ಕೇ ಶಾಪ ಕೊಡುವನು. ತಮ್ಮ ಗೆಲುವು ಮಾಂಸದ ತುಂಡಿಗಾಗಿ ಕಚ್ಚಾಡಿದ ನಾಯಿಗಳ ಗೆಲುವೆಂದೂ, ತನಗೆ ರಾಜ್ಯ ಬೇಡ, ಕಾಡಿಗೆ ಹೋಗುವೆನೆಂದೂ ಹಟ ಹಿಡಿಯುವನು. ಆಗ ಮನೆಮಂದಿಯೆಲ್ಲರೂ ಒಬ್ಬೊಬ್ಬರಾಗಿ ಅವನ ಮೇಲೆ ಬೀಳುವರು. ಅರ್ಜುನನು ಧನದ ಮಹಿಮೆಯನ್ನು ಬೋಧಿಸುವನು. ಭೀಮನು ಹೀಯಾಳಿಸುವನು. ದ್ರೌಪದಿಯಂತೂ, ಹಿರಿಯನಿಗೆ ಹುಚ್ಚು ಹಿಡಿದಿದೆ, ತಮ್ಮಂದಿರೂ ಅವನ ಹಿಂದೆ ಹುಚ್ಚರಾಗಿದ್ದಾರೆ, ಇಂಥವನಿಗೆ ಧೂಪ ಅಂಜನ ನಸ್ಯಗಳಿಂದ ವೈದ್ಯರ ಚಿಕಿತ್ಸೆಯಾಗಬೇಕು ಎಂದು ಎದುರಿಗೇ ಹೇಳಿಬಿಡುವಳು. ಈ ಭಾಗವನ್ನು ಪಾಠ ಹೇಳುವಾಗ ನಮ್ಮ ಗುರುಗಳು ನಕ್ಕು ಮುಂದೆ ಹೋಗುತ್ತಿದ್ದರು. ನನಗೆ ಅದು ನಗುವ ಮಾತಾಗಿ ತೋರುವುದಿಲ್ಲ. ಹಾಗೆ ಹೇಳಿದವಳು ಐದು ಮಂದಿ ಮಕ್ಕಳನ್ನು ಕಳೆದುಕೊಂಡ ತಾಯಿ. ಅವಳ ದುಃಖವನ್ನು ಕೇಳುವವರು ಆ ಸಭೆಯಲ್ಲಿ ಯಾರೂ ಇರಲಿಲ್ಲ; ಎಲ್ಲರೂ ಯಜಮಾನನ ದುಃಖವನ್ನು ತಿದ್ದುವುದರಲ್ಲಿಯೇ ತೊಡಗಿದ್ದರು.

ಅಲ್ಲಿಗೂ ಮುಗಿಯಲಿಲ್ಲ. ಆಶ್ರಮವಾಸಿಕ ಪರ್ವವನ್ನು ತೆರೆದು ನೋಡಿರಿ. ಯುದ್ಧವು ಕಳೆದು ಹದಿನೈದು ವರ್ಷಗಳಾಗಿವೆ. ಧರ್ಮರಾಯನು ಕುರುಡ ದೊಡ್ಡಪ್ಪನನ್ನು ತಂದೆಯಂತೆ ನೋಡಿಕೊಳ್ಳುತ್ತಿದ್ದಾನೆ. ಆದರೆ ಭೀಮನು ಅಣ್ಣನ ಕಿವಿಗೆ ಬೀಳದಂತೆ, ಧೃತರಾಷ್ಟ್ರನ ಕಿವಿಗೆ ಬೀಳುವಂತೆ, ತೋಳು ತಟ್ಟಿಕೊಂಡು, ಈ ತೋಳುಗಳಿಂದಲೇ ಕುರುಡನ ಮಕ್ಕಳನ್ನು ಕೊಂದೆನೆಂದು ಆಡಿಕೊಳ್ಳುವನು. ಅದನ್ನು ಕೇಳಲಾರದೆ ಮುದುಕನು ಗಾಂಧಾರಿಯೊಡನೆ ಕಾಡಿಗೆ ಹೊರಡುವನು. ಕುಂತಿಯೂ, ಮಕ್ಕಳು ಅತ್ತು ಬೇಡಿಕೊಂಡರೂ ಕೇಳದೆ, ಅವರ ಹಿಂದೆಯೇ ಹೋಗಿಬಿಡುವಳು. ಭೀಮನ ಮನಸ್ಸಿನಲ್ಲಿ ಯುದ್ಧವು ಹದಿನೈದು ವರ್ಷಗಳ ಪರ್ಯಂತ ನಡೆಯುತ್ತಲೇ ಇದ್ದಿತು. ಅದರ ಬೆಲೆಯನ್ನು ತೆತ್ತವರು ಮನೆಯ ಮೂವರು ವೃದ್ಧರು.

ಕವಿಯು ಶೋಕವೆಂದು ವರ್ಣಿಸಿದ ಈ ಸ್ಥಿತಿಯನ್ನು ಪಶ್ಚಿಮದ ವೈದ್ಯರು ರೋಗವೆಂದು ಎದುರಿಸಬೇಕಾಗಿ ಬಂದುದು ೧೯೧೪ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧದಲ್ಲಿ. ಮೈಮೇಲೆ ಗಾಯವಿಲ್ಲದ ಸಿಪಾಯಿಗಳು ನಡುಗುತ್ತ, ಮಾತು ನಿಂತು, ಕೆಲವರು ಕಣ್ಣೇ ಕಾಣದವರಾಗಿ ಆಸ್ಪತ್ರೆಗಳಿಗೆ ಬರತೊಡಗಿದರು. ೧೯೧೫ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಇದಕ್ಕೆ 'ಷೆಲ್ ಷಾಕ್' ಎಂಬ ಹೆಸರು ಪ್ರಸಿದ್ಧವಾಯಿತು. ಸಿಡಿಗುಂಡಿನ ಹೊಡೆತಕ್ಕೆ ನರಗಳು ಅದುರಿರಬೇಕೆಂದು ಮೊದಲು ಊಹಿಸಿದರು. ಸಿಡಿಗುಂಡಿನ ಸಮೀಪಕ್ಕೇ ಹೋಗದವರಿಗೂ ಇದೇ ಅವಸ್ಥೆ ಬಂದುದರಿಂದ ಆ ಊಹೆ ನಿಲ್ಲಲಿಲ್ಲ. ಇದು ಹೇಡಿತನವೆಂದು ಹೇಳಿದ ಸೇನಾಧಿಕಾರಿಗಳೂ ಇದ್ದರು. ಬ್ರಿಟಿಷ್ ಸೈನ್ಯವೊಂದರಲ್ಲಿಯೇ ಸುಮಾರು ೮೦,೦೦೦ ಮಂದಿ ಇದಕ್ಕೆ ತುತ್ತಾದರೆಂದು ಲೆಕ್ಕ.

ಇವರಿಗೆ ಚಿಕಿತ್ಸೆ ಮಾಡಿದ ಡಾಕ್ಟರುಗಳಲ್ಲಿ ರಿವರ್ಸ್ ಎಂಬಾತನ ಹೆಸರನ್ನು ನಮ್ಮವರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಅವನು ನಮ್ಮ ನೆರೆಯಲ್ಲಿಯೇ ಓಡಾಡಿದವನು. ೧೯೦೧-೦೨ರಲ್ಲಿ ನೀಲಗಿರಿಗೆ ಬಂದು ತೋಡರ ನಡುವೆ ಇದ್ದು, ಅವರ ಮನೆ, ಮದುವೆ, ಬಳಗಗಳ ವಿಚಾರವಾಗಿ ೧೯೦೬ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದನು. ಯುದ್ಧಕಾಲದಲ್ಲಿ ಎಡಿನ್‌ಬರೋ ನಗರದ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ವೈದ್ಯನಾದನು. ಅದು ಅಧಿಕಾರಿವರ್ಗಕ್ಕೆ ಮಾತ್ರ ಮೀಸಲಾದುದು. ಸಾಮಾನ್ಯ ಸಿಪಾಯಿಗೆ ಅಷ್ಟು ತಾಳ್ಮೆಯ ವೈದ್ಯನು ದೊರೆತುದು ಅಪರೂಪ. ಅಲ್ಲಿಗೆ ಬಂದವರಿಗೆ ಹಿಂದಿನ ವೈದ್ಯರೂ ನೆಂಟರಿಷ್ಟರೂ ಒಂದೇ ಬುದ್ಧಿಯನ್ನು ಹೇಳಿ ಕಳುಹಿಸಿದ್ದರು: ಯುದ್ಧವನ್ನು ಮರೆತುಬಿಡು, ಆ ಯೋಚನೆಯನ್ನೇ ಮಾಡಬೇಡ. ಹಗಲೆಲ್ಲ ಪ್ರಯತ್ನಪಟ್ಟು ತುಳಿದಿಟ್ಟ ನೆನಪು ರಾತ್ರಿಯಲ್ಲಿ ಕೆಟ್ಟ ಕನಸಾಗಿ ಏಳುತ್ತಿದ್ದುದನ್ನು ರಿವರ್ಸನು ಕಂಡನು.

ಅವನು ತನ್ನ ಒಂದು ಪ್ರಬಂಧದಲ್ಲಿ ಒಬ್ಬ ತರುಣನ ವೃತ್ತಾಂತವನ್ನು ಬರೆದಿರುವನು. ಆ ತರುಣನು ರಣಭೂಮಿಯಲ್ಲಿ ಸ್ನೇಹಿತನನ್ನು ಹುಡುಕಿಕೊಂಡು ಹೋಗಿ, ಸಿಡಿಗುಂಡಿಗೆ ಸಿಕ್ಕಿ ತುಂಡುತುಂಡಾಗಿದ್ದ ಅವನ ದೇಹವನ್ನು ಕಂಡವನು. ಅಂದಿನಿಂದ ಕಣ್ಣು ಮುಚ್ಚಿದರೆ ಅದೇ ದೃಶ್ಯ. ನಿದ್ರೆಗೆ ಹೆದರಿ ರಾತ್ರಿಗಳನ್ನು ಕಳೆಯುತ್ತಿದ್ದನು. ರಿವರ್ಸನು ಅವನಿಗೆ ಮರೆಯೆಂದು ಹೇಳಲಿಲ್ಲ. ದೇಹವು ಆ ಸ್ಥಿತಿಯಲ್ಲಿದ್ದುದೇ ಆ ಸ್ನೇಹಿತನು ನೋವನ್ನು ಅನುಭವಿಸದೆ ಕ್ಷಣಮಾತ್ರದಲ್ಲಿ ಸತ್ತನೆಂಬುದಕ್ಕೆ ಸಾಕ್ಷಿಯೆಂದು ತೋರಿಸಿಕೊಟ್ಟನು. ಕೆಲವು ದಿನಗಳ ಮೇಲೆ ಮತ್ತೆ ಕನಸು ಬಿದ್ದಿತು. ಆದರೆ ಈ ಸಲ ಅವನು ಸ್ನೇಹಿತನ ಪಕ್ಕದಲ್ಲಿ ಮಂಡಿಯೂರಿ, ಮನೆಯವರಿಗೆ ಕಳುಹಿಸಲೆಂದು ಅವನ ಮೈಮೇಲಿನ ವಸ್ತುಗಳನ್ನು ತೆಗೆಯುತ್ತಿದ್ದನು. ಎಚ್ಚರವಾದಾಗ ಭಯವಿರಲಿಲ್ಲ, ಮೆಲ್ಲಗೆ ಅಳುತ್ತಿದ್ದನು. ಭಯವು ದುಃಖವಾಗಿ ಮಾರ್ಪಟ್ಟಿತು. ದುಃಖವನ್ನು ಹೊತ್ತು ಮನುಷ್ಯನು ಮನೆಯವರೊಡನೆ ಬಾಳಬಲ್ಲನು; ಆ ಭಯವನ್ನು ಹೊತ್ತು ಬಾಳುವುದು ಕಷ್ಟ.

ನಮ್ಮವರೂ ಆ ಯುದ್ಧಕ್ಕೆ ಹೋದವರೇ. ಹತ್ತು ಲಕ್ಷಕ್ಕಿಂತ ಹೆಚ್ಚು ಮಂದಿ ಭಾರತೀಯರು ಕಡಲು ದಾಟಿದರು. ೧೯೧೮ನೆಯ ಇಸವಿ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಗೆದ್ದುದರಲ್ಲಿ ಮೈಸೂರಿನ ಕುದುರೆಸವಾರರ ಪಾಲು ದೊಡ್ಡದು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದು, ಮೈಸೂರು ಸಂಸ್ಥಾನಗಳ ಸವಾರರವು. ಪ್ರತಿಮೆಗಳು ಈಟಿ ಹಿಡಿದು ನೆಟ್ಟಗೆ ನಿಂತಿವೆ. ಸವಾರನು ಊರಿಗೆ ಬಂದು ಚಾಪೆಯ ಮೇಲೆ ಮಲಗಿದ ರಾತ್ರಿಗಳಿಗೆ ಪ್ರತಿಮೆಯನ್ನು ಮಾಡುವ ಶಿಲ್ಪಿಯಿಲ್ಲ.

ನನ್ನ ಹಳೆಯ ಶಿಷ್ಯನೊಬ್ಬನು ಹವಾಲ್ದಾರನಾಗಿ ನಿವೃತ್ತನಾಗಿ ಹಾಸನದ ಕಡೆಯ ತನ್ನ ಹಳ್ಳಿಗೆ ಬಂದು ಕೆಲವು ವರ್ಷಗಳಾದುವು. ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದ ಹುಡುಗ. ಒಮ್ಮೆ ಆ ಕಡೆ ಹೋದಾಗ ಅವನ ಮನೆಗೆ ಹೋದೆನು. ಜಗಲಿಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ದಾರಿ ಕಾಣುವಂತೆ ಕುಳಿತಿದ್ದನು. ಕಾಲಿಗೆ ನಮಸ್ಕಾರ ಮಾಡಿ, ಕುಶಲವನ್ನು ಕೇಳಿ, ಮತ್ತೆ ಅದೇ ಮೂಲೆಗೆ ಹೋದನು. ಒಳಗೆ ಕುಕ್ಕರು ಸಿಳ್ಳು ಹಾಕಿತು. ಅವನ ಮುಖ ಬಿಳಿಚಿಕೊಂಡಿತು, ಮರುಕ್ಷಣವೇ ಒಳಗಿದ್ದ ಮಗಳ ಮೇಲೆ ಕೂಗಾಡಿದನು. ಕಾಫಿ ತಂದ ಅವನ ಹೆಂಡತಿಯು ನಡುಮನೆಗೆ ಬಂದಾಗ ಮೆಲ್ಲನೆ ಅಂದಳು: "ನೀವಾದರೂ ಒಂದು ಮಾತು ಹೇಳಿ ಮೇಷ್ಟ್ರೇ. ಹೋದೋರೇ ಬೇರೆ, ಬಂದೋರೇ ಬೇರೆ. ರಾತ್ರಿ ಮೂರು ಮೂರು ಸಲ ಎದ್ದು ಅಗುಳಿ ನೋಡ್ತಾರೆ. ನಾದಿನಿ ಬಂದ್ರೆ ಅವಳ ಮುಖಾನೂ ನೋಡೋದಿಲ್ಲ."

ಈ ನಾದಿನಿಯ ವಿಚಾರವು ಆ ಮನೆಯನ್ನು ಎರಡು ಪಾಲು ಮಾಡಿದ್ದಿತು. ಅಣ್ಣನು ರಜೆ ಹಾಕಿ ಬಂದು ತಾನೇ ಮುಂದೆ ನಿಂತು ಮಾಡಿದ ಮದುವೆ ಅವಳದು. ಈಗ ಮಾತಿಲ್ಲ. ಮದುವೆಯಲ್ಲಿ ಕೊಟ್ಟ ಒಡವೆಯ ವಿಚಾರವಾಗಿ ಅಣ್ಣನಿಗೆ ಹೊಟ್ಟೆಯಲ್ಲಿ ಸಂಕಟವಿದೆಯೆಂದು ಅವಳು ತಿಳಿದಳು. ಜಮೀನಿನಲ್ಲಿ ಪಾಲು ಕೇಳಿಯಾಳೆಂಬ ಅನುಮಾನವಿರಬೇಕೆಂದು ಅವಳ ಗಂಡನ ಮನೆಯವರು ತಿಳಿದರು. ಅತ್ತಿಗೆಯೇ ತಲೆ ಕೆಡಿಸಿದ್ದಾಳೆಂದು ಊರವರು ಹೇಳಿದರು. ಎರಡು ಗೌರಿಹಬ್ಬಗಳಿಗೆ ಅವಳು ತವರಿಗೆ ಬರಲಿಲ್ಲ. ಬಾಗಿನವನ್ನು ಯಾರೋ ಹೋಗಿ ಕೊಟ್ಟು ಬಂದರು. ತಾಯಿಯು ಎರಡೂ ಹಬ್ಬಗಳಲ್ಲಿ ಊಟ ಮಾಡಲಿಲ್ಲ.

ನಾನು ಹೊರಡುವಾಗ ಅವನು ಬಸ್ಸಿನವರೆಗೂ ಬಂದನು. ದಾರಿಯಲ್ಲಿ, ನಾನು ಏನನ್ನೂ ಕೇಳದಿರುವಾಗ, ತಾನಾಗಿ ಹೇಳಿದನು. ತಂಗಿಯ ಮದುವೆಗೆಂದು ರಜೆಯ ಮೇಲೆ ಬಂದಿದ್ದ ವಾರದಲ್ಲಿಯೇ ಗಡಿಯಲ್ಲಿ ಅವನ ತುಕಡಿಯ ಮೇಲೆ ದಾಳಿಯಾಯಿತು. ಅವನು ನಿಲ್ಲಬೇಕಾಗಿದ್ದ ಕಾವಲಿನಲ್ಲಿ ಅವನ ಜೊತೆಗಾರನು ನಿಂತಿದ್ದನು. "ಸಾರ್, ಇಲ್ಲಿ ಓಲಗ ಊದ್ತಿದ್ರು. ನಾನು ಎಲೆ ಮುಂದೆ ಕೂತಿದ್ದೆ. ಅವಳನ್ನ ಕಂಡ್ರೆ ನನಗೆ ಆ ಊಟ ನೆನಪಾಗುತ್ತೆ." ಇಷ್ಟೇ ಹೇಳಿ ಬೀಡಿ ಹಚ್ಚಿದನು. ಒಡವೆಯ ಮಾತೂ ಇಲ್ಲ, ಜಮೀನಿನ ಮಾತೂ ಇಲ್ಲ. ಹೆಂಡತಿಗೆ ಹೇಳಿದ್ದೀಯೇನಪ್ಪಾ ಎಂದು ಕೇಳಿದೆನು. "ಅವಳಿಗೆ ಯಾಕೆ ಸಾರ್ ಈ ಹೊರೆ?" ಎಂದನು.

ವಾಚಕರು ಈ ಕೊನೆಯ ಮಾತನ್ನು ಗಮನಿಸಬೇಕು. ಯುದ್ಧದಿಂದ ಬಂದವನು ಬಾಯಿ ಮುಚ್ಚಿಕೊಳ್ಳುವುದು ಬಹುಮಟ್ಟಿಗೆ ಮನೆಯವರ ಮೇಲಿನ ಪ್ರೀತಿಯಿಂದಲೇ. ತಾನು ಕಂಡುದರ ಮೈಲಿಗೆ ಇವರಿಗೆ ತಗುಲಬಾರದೆಂಬುದು ಅವನ ಎಣಿಕೆ. ಆದರೆ ಮಾತಿಲ್ಲದ ಜಾಗವು ಖಾಲಿಯಾಗಿ ಉಳಿಯುವುದಿಲ್ಲ. ಅದನ್ನು ಒಬ್ಬೊಬ್ಬರೂ ತಮಗೆ ತಿಳಿದ ಕಾರಣದಿಂದ ತುಂಬಿಕೊಳ್ಳುವರು. ಹೆಂಡತಿಯು ತನ್ನ ಮೇಲೆ ಮನಸ್ಸಿಲ್ಲವೆಂದು ತುಂಬಿಕೊಳ್ಳುವಳು. ತಂಗಿಯು ಒಡವೆಯಿಂದ ತುಂಬಿಕೊಳ್ಳುವಳು. ಮಗುವು, ತಾನು ಏನೋ ತಪ್ಪು ಮಾಡಿರಬೇಕೆಂದು ತುಂಬಿಕೊಳ್ಳುವುದು. ನನ್ನ ಮಟ್ಟಿಗೆ ಹೇಳುವುದಾದರೆ, ಸೈನಿಕರ ಮನೆಗಳಲ್ಲಿ ನಾನು ಕಂಡ ಮನಸ್ತಾಪಗಳಲ್ಲಿ ಈ ತಪ್ಪು ತುಂಬಿಕೆಯಿಂದ ಬಂದವೇ ಹೆಚ್ಚು.

ಈ ವ್ಯಾಧಿಗೆ ಈಗಿನ ಹೆಸರು ಬಂದುದು ೧೯೮೦ರಲ್ಲಿ. ವಿಯೆಟ್ನಾಂ ಯುದ್ಧದಿಂದ ಹಿಂದಿರುಗಿದ ಅಮೆರಿಕಾದ ಸೈನಿಕರ ಅವಸ್ಥೆಯನ್ನು ನೋಡಿ, ಅಲ್ಲಿನ ಮನೋವೈದ್ಯರು ತಮ್ಮ ರೋಗಪಟ್ಟಿಯಲ್ಲಿ ಅದನ್ನು ಸೇರಿಸಿದರು. ಇಂಗ್ಲೀಷಿನಲ್ಲಿ ಪಿ.ಟಿ.ಎಸ್.ಡಿ. ಎನ್ನುವರು; ಆಘಾತದ ತರುವಾಯ ಉಳಿಯುವ ಮನೋವ್ಯಾಧಿ ಎಂದು ನಾವು ಹೇಳಬಹುದು. ಅದೇ ದಶಕದಲ್ಲಿ ಅಲ್ಲಿನ ಶಾಸನಸಭೆಯ ಅಪ್ಪಣೆಯಂತೆ ನಡೆದ ಸಮೀಕ್ಷೆಯಲ್ಲಿ, ಆ ಯುದ್ಧಭೂಮಿಯಲ್ಲಿ ಸೇವೆ ಮಾಡಿದ ಗಂಡಸರ ಪೈಕಿ ನೂರಕ್ಕೆ ಸುಮಾರು ೩೧ ಮಂದಿಗೆ ಯಾವಾಗಲಾದರೊಮ್ಮೆ ಈ ವ್ಯಾಧಿ ಬಂದಿದ್ದುದೂ, ಸಮೀಕ್ಷೆಯ ಕಾಲದಲ್ಲಿಯೂ ನೂರಕ್ಕೆ ಸುಮಾರು ೧೫ ಮಂದಿಗೆ ಇದ್ದುದೂ ಕಂಡುಬಂದಿತು. ಅಂದರೆ ಬಹು ಮಂದಿ ಸೈನಿಕರು ನೆಟ್ಟಗೆ ಮನೆಗೆ ಬಂದು ನೆಟ್ಟಗೆ ಬಾಳುವರೆಂಬುದೂ ಅಷ್ಟೇ ನಿಜ. ದಂಡಿನಿಂದ ಬಂದವರೆಲ್ಲರನ್ನೂ ರೋಗಿಗಳಂತೆ ನೋಡುವುದು ಅವರಿಗೆ ಮಾಡುವ ಅವಮಾನ. ಆದರೆ ಆ ಸಮೀಕ್ಷೆಯವರು ಹೆಂಡಿರನ್ನೂ ವಿಚಾರಿಸಿದರು. ವ್ಯಾಧಿಯಿದ್ದವರ ಮನೆಗಳಲ್ಲಿ ಕಲಹ, ಹೊಡೆತ, ಮಕ್ಕಳ ತೊಂದರೆಗಳು ಹೆಚ್ಚಾಗಿದ್ದುವು. ೧೯೮೨ರ ಲೆಬನಾನ್ ಯುದ್ಧದಿಂದ ಬಂದ ಇಸ್ರೇಲಿನ ಸೈನಿಕರ ಮಡದಿಯರನ್ನು ಪರೀಕ್ಷಿಸಿದಾಗ, ಯುದ್ಧವನ್ನು ಕಣ್ಣಿನಿಂದ ಕಾಣದ ಆ ಹೆಂಗಸರಿಗೂ ಮನಸ್ಸಿನ ಕಾಯಿಲೆಯ ಚಿಹ್ನೆಗಳು ಅಂಟಿಕೊಂಡಿದ್ದುದು ತಿಳಿದುಬಂದಿತು.

ಪಾಲಿನ್ ಬಾಸ್ ಎಂಬ ಅಮೆರಿಕಾದ ವಿದುಷಿಯು ಅದೇ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ವಿಮಾನಚಾಲಕರ ಹೆಂಡಿರನ್ನು ಕಂಡು ಮಾತನಾಡಿ, ನಷ್ಟದಲ್ಲಿ ಎರಡು ಬಗೆಯ ಸಂದಿಗ್ಧತೆಯುಂಟೆಂದು ವಿವರಿಸಿದಳು. ಶರೀರವು ಇಲ್ಲದೆ ಮನಸ್ಸಿನಲ್ಲಿ ಇರುವವನು ಒಬ್ಬ. ಶರೀರವು ಎದುರಿಗಿದ್ದು ಮನಸ್ಸು ಇಲ್ಲದವನು ಇನ್ನೊಬ್ಬ. ಎರಡನೆಯ ಬಗೆಗೆ ಕರ್ಮವಿಲ್ಲ, ಸೂತಕವಿಲ್ಲ, ನೆರೆಹೊರೆಯವರು ಬಂದು ಕೂರುವುದಿಲ್ಲ. "ಗಂಡ ಜೀವಸಹಿತ ಬಂದಿದ್ದಾನಲ್ಲ, ಇನ್ನೇನು ಬೇಕು?" ಎಂದು ಎಲ್ಲರೂ ಕೇಳುವರು. ಆ ಪ್ರಶ್ನೆಗೆ ಉತ್ತರ ಕೊಡುವ ಬಾಯಿ ಯಾವ ಗೃಹಿಣಿಗೆ ಉಂಟು!

ಮನೆಯಲ್ಲಿ ಆಗುವುದೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳುವೆನು. ಗಡಿಯಲ್ಲಿ ಜೀವವನ್ನು ಉಳಿಸಿದ ಅಭ್ಯಾಸಗಳೇ ಮನೆಯಲ್ಲಿ ದೋಷಗಳಾಗಿ ತೋರುವುವು. ಅಲ್ಲಿ ಎಲೆ ಅಲುಗಿದರೆ ಎಚ್ಚರವಾಗಬೇಕು. ಇಲ್ಲಿ ಅದೇ ನಿದ್ರೆಗೇಡಿತನ. ಅಲ್ಲಿ ಹೇಳಿದ ಕೆಲಸವು ಆ ಕ್ಷಣದಲ್ಲಿ ಆಗದಿದ್ದರೆ ಹೆಣ ಬೀಳುವುದು. ಇಲ್ಲಿ ಮಗನು ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಟ್ಟರೆ ಅದೇ ಸಿಟ್ಟು ಏಳುವುದು. ಅಲ್ಲಿ ಜೊತೆಯವನು ಸತ್ತರೂ ಅಳದೆ ಮುಂದೆ ಹೋಗಬೇಕು; ಅದಕ್ಕಾಗಿ ಹೃದಯವು ಕಲ್ಲಾಗುವುದನ್ನು ಕಲಿಯುವುದು. ಹೀಗೆ ಕಲಿತ ಹೃದಯಕ್ಕೆ ಬೇಕಾದಾಗ ಕರಗುವ ಉಪಾಯವನ್ನು ಯಾವ ಸೈನ್ಯದಲ್ಲಿಯೂ ಸುಲಭವಾಗಿ ಕಲಿಸಲಾಗದು. ಸಿಟ್ಟಿಗಿಂತಲೂ ಈ ಜಡತೆಯೇ ತಂದೆಮಕ್ಕಳನ್ನು ಹೆಚ್ಚಾಗಿ ದೂರಮಾಡುವುದೆಂದು ಪರೀಕ್ಷಿಸಿದವರು ಹೇಳುವರು. ಉಪಾಧ್ಯಾಯನಾಗಿದ್ದ ನನ್ನ ಅನುಭವವೂ ಹಾಗೆಯೇ. ಕೋಪಿಸುವ ತಂದೆಯ ಮಗನು ಹೆದರಿಕೊಂಡಾದರೂ ಅಂಕಪಟ್ಟಿಯನ್ನು ತೋರಿಸುವನು. ಮೊದಲ ದರ್ಜೆ ಬಂದುದನ್ನು ನೋಡಿ ಹೂಂ ಎಂದು ಕಾಗದವನ್ನು ಹಿಂದಕ್ಕೆ ಕೊಡುವ ತಂದೆಯ ಮಗನು ಮುಂದಿನ ಸಲ ತೋರಿಸುವುದೇ ಇಲ್ಲ.

ಇನ್ನೊಂದು ತೊಡಕು ಅಧಿಕಾರದ್ದು. ಗಂಡನು ದೂರವಿದ್ದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹೆಂಡತಿಯು ಬ್ಯಾಂಕಿಗೆ ಹೋಗುವುದನ್ನೂ, ಗೊಬ್ಬರದ ಸೊಸೈಟಿಯಲ್ಲಿ ಸಾಲು ನಿಲ್ಲುವುದನ್ನೂ, ಕೂಲಿಯವರೊಡನೆ ವ್ಯವಹರಿಸುವುದನ್ನೂ ಕಲಿತಿರುವಳು. ಮಕ್ಕಳು ಅಮ್ಮನನ್ನು ಕೇಳಿ ನಡೆಯುವರು. ಪೆನ್ಷನ್ ಪಡೆದು ಬಂದ ಯಜಮಾನನು ತನ್ನ ಮನೆಯಲ್ಲಿಯೇ ಅತಿಥಿಯಂತೆ ನಿಲ್ಲುವನು. ಆರೋಗ್ಯವಂತನಿಗೂ ಇದು ಕಷ್ಟವೇ. ಮನಸ್ಸು ನೊಂದವನಿಗೆ, ತಾನು ಯಾರಿಗೂ ಬೇಡದವನೆಂಬುದಕ್ಕೆ ಇದೇ ಪ್ರಮಾಣವಾಗುವುದು. ಬೀಗದ ಕೈಯನ್ನು ಗಂಡನಿಗೆ ಒಪ್ಪಿಸಿ ಹೆಂಡತಿಯು ಅಡಿಗೆಯ ಮನೆಗೆ ಹಿಂದಿರುಗಬೇಕೆಂದು ಕೆಲವು ಹಿರಿಯರು ಬುದ್ಧಿ ಹೇಳುವುದನ್ನು ಕೇಳಿದ್ದೇನೆ. ಅದು ಸರಿಯಲ್ಲ. ಅವಳು ಕಲಿತುದನ್ನು ಮರೆಯಬೇಕಾಗಿಲ್ಲ. ಅವನಿಗೆಂದು ಒಂದು ಕೆಲಸವಿರಬೇಕು, ತೋಟದ ನೀರೋ, ಹಸುವೋ, ಮಗುವನ್ನು ಶಾಲೆಗೆ ಕರೆದೊಯ್ಯುವುದೋ, ಅದು ಪೂರ್ತಿಯಾಗಿ ಅವನದಾಗಿರಬೇಕು.

ಮಿಲಿಟರಿ ಕ್ಯಾಂಟೀನಿನ ರಮ್ಮಿನ ವಿಚಾರವನ್ನು ಬರೆಯದಿದ್ದರೆ ಈ ಲೇಖನವು ಸುಳ್ಳಾದೀತು. ನಿದ್ರೆ ಬಾರದವನು ಮೊದಲು ನಿದ್ರೆಗೆಂದು ಕುಡಿಯುವನು. ಅಮಲಿನ ನಿದ್ರೆ ನಡುರಾತ್ರಿಗೆ ಒಡೆಯುವುದು, ಕನಸುಗಳು ಇನ್ನಷ್ಟು ಕೆಡುವುವು, ಮರುದಿನ ಇನ್ನೂ ಒಂದು ಅಳತೆ ಹೆಚ್ಚು. ಮದುವೆ ಮುಂಜಿಗಳಲ್ಲಿ ಅವನ ಕೋಟಾದ ಬಾಟ್ಲಿಗೆ ಕೈಚಾಚುವ ನೆಂಟರೇ ಆಮೇಲೆ ಅವನನ್ನು ಕುಡುಕನೆಂದು ಆಡಿಕೊಳ್ಳುವರು. ಇನ್ನು ಕೆಲವು ಮನೆಗಳಲ್ಲಿ ಗಾಳಿ ಸೋಕಿದೆಯೆಂದು ಮಂತ್ರವಾದಿಯನ್ನು ಕರೆಸುವುದುಂಟು. ಶಾಂತಿಹೋಮವನ್ನು ಮಾಡಿಸುವವರು ಮಾಡಿಸಲಿ, ನನ್ನ ಅಡ್ಡಿಯಿಲ್ಲ. ಮನಸ್ಸಿಗೆ ನೆಮ್ಮದಿಯಾದರೆ ಒಳ್ಳೆಯದೇ. ಆದರೆ ಹೊಡೆದು ಬಡಿದು ದೆವ್ವ ಬಿಡಿಸುವವನ ಕೈಗೆ ಸೈನಿಕನನ್ನು ಕೊಡುವುದು ಪಾಪದ ಕೆಲಸ. ದ್ರೌಪದಿಯು ಕರೆಯಬೇಕೆಂದುದು ವೈದ್ಯನನ್ನು.

ಆ ವೈದ್ಯನು ಈಗ ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮೊದಲುಮಾಡಿದ ಪ್ರಯೋಗದ ಮಾದರಿಯಲ್ಲಿಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯು ಬೆಳೆಯಿತು; ಆದುದರಿಂದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ನಿವೃತ್ತ ಸೈನಿಕರಿಗೆ ಅವರದೇ ಆದ ವೈದ್ಯಕೀಯ ಯೋಜನೆಯುಂಟು. ಊರಲ್ಲಿ ತಿಳಿದೀತೆಂದು ಸಂಕೋಚಪಡುವವರು ೨೦೨೨ರಲ್ಲಿ ಆರಂಭವಾದ 'ಟೆಲಿ ಮಾನಸ್' ದೂರವಾಣಿಯ ೧೪೪೧೬ ಎಂಬ ಸಂಖ್ಯೆಗೆ ಮನೆಯಿಂದಲೇ ಮಾತನಾಡಬಹುದು. ಕನ್ನಡದಲ್ಲಿಯೇ ಮಾತನಾಡುವರು, ಹಣವಿಲ್ಲ. ಚಿಕಿತ್ಸೆಯೆಂದರೆ ಗುಳಿಗೆ ಮಾತ್ರವಲ್ಲ. ಆ ಭಯಂಕರವಾದ ನೆನಪನ್ನು ತಜ್ಞನ ಸಮ್ಮುಖದಲ್ಲಿ ಸ್ವಲ್ಪಸ್ವಲ್ಪವಾಗಿ ಎದುರಿಸುವ ಕ್ರಮಗಳುಂಟು. ಗಂಡಹೆಂಡಿರಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾಡುವ ಕ್ರಮವೂ ಉಂಟು. ೨೦೧೨ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಈ ಎರಡನೆಯ ಕ್ರಮದಿಂದ ವ್ಯಾಧಿಯೂ ತಗ್ಗಿತು, ದಾಂಪತ್ಯವೂ ಸುಧಾರಿಸಿತು. ಎಲ್ಲರಿಗೂ ಪೂರ್ತಿ ಗುಣವಾಗುವುದೆಂದು ಯಾವ ಪ್ರಾಮಾಣಿಕ ವೈದ್ಯನೂ ಹೇಳನು. ಆದರೆ ಬಹು ಮಂದಿಗೆ ಬಹುಮಟ್ಟಿನ ಗುಣವುಂಟು.

ಮನೆಯವರು ನಡೆದುಕೊಳ್ಳಬೇಕಾದ ರೀತಿಯಲ್ಲಿ ಕೆಲವು ಸಣ್ಣ ಸಂಗತಿಗ‌ಳಿವೆ. ಮಲಗಿದವನನ್ನು ಮೈಮುಟ್ಟಿ ಅಲುಗಿಸಿ ಎಬ್ಬಿಸಬಾರದು. ಕಾಲಿನ ಕಡೆ, ಕೈಗೆಟುಕದಷ್ಟು ದೂರದಲ್ಲಿ ನಿಂತು ಹೆಸರು ಹಿಡಿದೋ ವಾಡಿಕೆಯಂತೆಯೋ ಕರೆಯಬೇಕು. ಕನಸಿನಲ್ಲಿ ಬೀಸಿದ ಕೈ ಹೆಂಡತಿಗೆ ತಾಕಿದರೆ ಅವನಿಗೆ ಅದರ ನಾಚಿಕೆಯೇ ಇನ್ನೊಂದು ಗಾಯವಾಗುವುದು. ದೀಪಾವಳಿಯಲ್ಲಿ ಪಟಾಕಿ ಹೊಡೆಯುವ ಹೊತ್ತನ್ನು ಮಕ್ಕಳು ಮೊದಲೇ ತಿಳಿಸಿದರೆ ಸಾಕು, ಅರ್ಧ ಭಯ ಇಳಿಯುವುದು. ಭಯವಿರುವುದು ಹಠಾತ್ತಾಗಿ ಕೇಳುವುದರಲ್ಲಿ. "ಎಷ್ಟು ಜನರನ್ನು ಕೊಂದಿರಿ ಮಾವಾ?" ಎಂದು ಹುಡುಗರು ಕೇಳುವುದನ್ನು ಹಿರಿಯರು ನಿಲ್ಲಿಸಬೇಕು; ಹಿರಿಯರೇ ಕೇಳುವುದುಂಟು, ಅದು ಇನ್ನೂ ಕೆಟ್ಟದು. ಅವನಾಗಿ ಮಾತು ತೆಗೆದ ದಿವಸ ಕೈಯಲ್ಲಿರುವ ಕೆಲಸವನ್ನು ಬಿಟ್ಟು ಕೇಳಬೇಕು, ಸಮಾಧಾನವನ್ನು ಹೇಳಲು ಅವಸರಪಡಬಾರದು. ಹಳೆಯ ಜೊತೆಗಾರರು ಬಂದರೆ ಕಾಫಿ ಕೊಟ್ಟು ಅವರಿಗೆ ಏಕಾಂತವನ್ನು ಕೊಡಬೇಕು. ಹೆಂಡತಿಗೆ ಹೇಳಲಾಗದುದನ್ನು ಅವನು ಅವರಿಗೆ ಹೇಳಿದನೆಂದು ಹೆಂಡತಿಯು ಬೇಸರಪಡಬೇಕಾಗಿಲ್ಲ.

ನನ್ನ ಶಿಷ್ಯನು ಆ ಕಾವಲಿನ ವಿಷಯವನ್ನು ಕೊನೆಗೆ ಹೆಂಡತಿಗೆ ಹೇಳಿದನು. ಅವಳು ನಾದಿನಿಗೆ ಹೇಳಿದಳು. ಮುಂದಿನ ಗೌರಿಹಬ್ಬಕ್ಕೆ ತಂಗಿಯು ಬಂದಳು. ಅವನು ಬೆಳಗಿನಿಂದ ಗದ್ದೆಯಲ್ಲಿಯೇ ಇದ್ದು, ಎಲ್ಲರ ಊಟವಾದ ಮೇಲೆ ಬಂದನಂತೆ. ತಂಗಿಯು ಅವನಿಗೆಂದು ಎಲೆಯನ್ನು ತೆಗೆದಿಟ್ಟು ಕಾದಿದ್ದಳು. ಒಡವೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಎರಡು ವಿಷಯಗಳಲ್ಲಿ ನಾನು ಮೃದುವಾಗಿ ಬರೆಯಲಾರೆನು. ಮೊದಲನೆಯದು ಬಂದೂಕು. ಕೊಡವರಿಗೆ ಶಸ್ತ್ರಕಾನೂನಿನಲ್ಲಿ ರಿಯಾಯಿತಿಯುಂಟು. ಅನೇಕ ಮನೆಗಳಲ್ಲಿ ಕೋವಿಯಿದೆ, ಕೈಲ್ ಮುಹೂರ್ತದಲ್ಲಿ ಅದಕ್ಕೆ ಪೂಜೆಯಾಗುವುದು. ಆ ಸಂಪ್ರದಾಯಕ್ಕೆ ನನ್ನ ಗೌರವವಿದೆ. ಆದರೆ ಮನೆಯಲ್ಲಿ ನಿದ್ರೆಗೆಟ್ಟು, ಬದುಕು ಸಾಕಾಯಿತೆನ್ನುವ ಮನುಷ್ಯನಿರುವಾಗ ಕೋವಿಯು ಕೆಲವು ಕಾಲ ಅಣ್ಣತಮ್ಮಂದಿರ ಮನೆಯಲ್ಲಿ ಬೀಗದೊಳಗೆ ಇರಲಿ. ಅಂಥ ಮಾತನ್ನು ಆಡಿದ ದಿನವೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು, ನಾಳೆಗೆ ಎನ್ನಬಾರದು.

ಎರಡನೆಯದು ಹೊಡೆತ. ಅವನ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳುವುದು ಬೇರೆ, ಅವನ ಕೈಯಲ್ಲಿ ಪೆಟ್ಟು ತಿನ್ನುವುದು ಬೇರೆ. ಪಾತಿವ್ರತ್ಯದ ಹೆಸರಿನಲ್ಲಿ ಹೆಣ್ಣುಮಗಳನ್ನು ಆ ಮನೆಯಲ್ಲಿಯೇ ಇರು ಎಂದು ಹಿಂದಕ್ಕೆ ಕಳುಹಿಸುವ ತವರಿನವರಿಗೆ ನಾನು ಯಾವ ಶಾಸ್ತ್ರದ ಬೆಂಬಲವನ್ನೂ ಕೊಡಲಾರೆನು. ೨೦೦೫ರ ಕಾನೂನು ಅವಳಿಗೆ ರಕ್ಷಣೆಯನ್ನು ಕೊಟ್ಟಿದೆ. ಅವಳೂ ಮಕ್ಕಳೂ ಕ್ಷೇಮವಾಗಿ ಬೇರೆಡೆ ಇದ್ದುಕೊಂಡೇ ಅವನಿಗೆ ಚಿಕಿತ್ಸೆಯನ್ನು ಮಾಡಿಸಬಹುದು.

ಹೊಡೆತವಿಲ್ಲದ ಮನೆಗಳಲ್ಲಿಯೂ ಹೆಂಡತಿಯು ವರ್ಷಗಟ್ಟಲೆ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿ ಬಳಲಿರುವಳು. ಅವಳು ಹದಿನೈದು ದಿನ ತವರಿಗೆ ಹೋಗಿ ಗಟ್ಟಿಯಾಗಿ ನಿದ್ರೆ ಮಾಡಿ ಬರಲಿ. ಆ ದಿನಗಳಲ್ಲಿ ಮಗನಿಗೆ ಊಟ ಬಡಿಸಿ, ಅವನ ಮೌನದ ಎದುರಿಗೆ ಕುಳಿತು, ರಾತ್ರಿ ಅಗುಳಿಯ ಸದ್ದನ್ನು ಕೇಳಿದ ಅತ್ತೆಗೆ, ಸೊಸೆಯು ಇಷ್ಟು ವರ್ಷ ಏನು ಮಾಡುತ್ತಿದ್ದಳೆಂಬುದನ್ನು ಬೇರೆ ಯಾರೂ ಹೇಳಬೇಕಾಗುವುದಿಲ್ಲ.